ಮೂರು ಮುಷ್ಟಿ ಬೀಜದ ತೀರ್ಪು

ನನ್ನ ಮುಷ್ಟಿಯಲ್ಲಿ ಸುಲಿದ ಗೇರುಬೀಜ ಹೆಚ್ಚೆಂದರೆ ಮೂವತ್ತೈದು ಹಿಡಿಯುತ್ತವೆ. ಕೈ ಚಿಕ್ಕದು. ಬಳೆಯಂಗಡಿಯವನು ಈಗಲೂ ನನಗೆ ಶಾಲೆ ಮಕ್ಕಳ ಅಳತೆಯ ಡಬ್ಬವನ್ನೇ ಇಳಿಸುತ್ತಾನೆ. ಈ ಕೈಯಿಂದ ಬೀಜ ತೆಗೆದು ಎಣಿಸಿ, ಯಾವ ಊರಿನ ಹೆಂಗಸರು ಚೆನ್ನಾಗಿ ಕೆಲಸ ಮಾಡುತ್ತಾರೆ, ಯಾರು ಮಾಡುವುದಿಲ್ಲ ಎಂದು ಎರಡು ವರ್ಷ ತೀರ್ಪು ಕೊಟ್ಟೆ. ಕೊಡುವಾಗ ನನಗೆ ಒಂದು ದಿನವೂ ಅನುಮಾನ ಬರಲಿಲ್ಲ.

ಕುಂದಾಪುರದ ಹೊರಗಿನ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವುದು ನನ್ನ ಕೆಲಸ. ಬೀಜ ಬೇಯಿಸುವುದು, ಒಡೆಯುವುದು, ತಿರುಳನ್ನು ಬಿಸಿಗಾಳಿಯಲ್ಲಿ ಒಣಗಿಸುವುದು ಎಲ್ಲ ನಮ್ಮಲ್ಲೇ. ತಿರುಳಿನ ಮೇಲಿನ ತೆಳು ಕೆಂಪು ಸಿಪ್ಪೆ ತೆಗೆಯುವುದು ಮಾತ್ರ ಊರೂರಿನ ಶೆಡ್ಡುಗಳಲ್ಲಿ. ಬ್ರಹ್ಮಾವರದ್ದು ದೊಡ್ಡ ಶೆಡ್ಡು, ಬೈಂದೂರಿನದ್ದೂ ದೊಡ್ಡದು. ಹಾಲಾಡಿ, ಶಿರೂರಿನಂಥ ಕಡೆ ಹತ್ತು ಹನ್ನೆರಡು ಹೆಂಗಸರ ಚಿಕ್ಕ ಶೆಡ್ಡುಗಳು. ಸುಲಿದ ಬೀಜ ನಮಗೆ ವಾಪಸು ಬಂದಾಗ ಅದರಲ್ಲಿ ಸಿಪ್ಪೆ ಅಂಟಿಕೊಂಡದ್ದು, ಚಾಕು ತಾಗಿ ಗೀರು ಬಿದ್ದದ್ದು ಎಷ್ಟಿದೆ ಎಂದು ನಾನು ಹೇಳಬೇಕು.

ನನಗಿಂತ ಮೊದಲು ಇದ್ದವರು ಬೀಜವನ್ನು ನೋಡುತ್ತಿರಲಿಲ್ಲ, ಬೀಜ ತಂದವರ ಮುಖ ನೋಡುತ್ತಿದ್ದರು. ಮೀನು ತಂದುಕೊಟ್ಟ ಶೆಡ್ಡಿನ ಬೀಜ ಯಾವತ್ತೂ ಚೊಕ್ಕ. ನನಗೆ ಇಂಥದ್ದು ಕಂಡರೆ ಮೈ ಉರಿಯುತ್ತದೆ. ನಾನು ಬಂದವಳೇ ನಿಯಮ ಮಾಡಿದೆ. ಬಂದ ಪ್ರತಿ ಗಾಡಿಯಿಂದ ಒಂದು ಮುಷ್ಟಿ. ಹದಿನೈದು ದಿನದ ಮುಷ್ಟಿಗಳನ್ನೆಲ್ಲ ಕೂಡಿಸಿ ನೂರಕ್ಕೆ ಎಷ್ಟು ಕೆಟ್ಟದ್ದು ಎಂದು ಲೆಕ್ಕ. ಐದು ದಾಟಿದರೆ ಎಚ್ಚರಿಕೆ, ಮುಂದಿನ ಸಲವೂ ದಾಟಿದರೆ ಆ ಶೆಡ್ಡಿಗೆ ಬೀಜ ಕಳಿಸುವುದು ಬಂದ್. ದೊಡ್ಡವರಿಗೂ ಚಿಕ್ಕವರಿಗೂ ಒಂದೇ ನಿಯಮ. ಫಲಿತಾಂಶವನ್ನು ಗೇಟಿನ ಒಳಗಿನ ಬೋರ್ಡಿನಲ್ಲಿ, ಮೇಲಿಂದ ಕೆಳಗೆ ಒಂದು, ಎರಡು, ಮೂರು ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಗಾಡಿಯ ಚಾಲಕರು ಅದನ್ನು ಓದಿ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದರು.

ಬ್ರಹ್ಮಾವರದಿಂದ ದಿನಕ್ಕೆ ಎರಡು ಗಾಡಿ ಬರುತ್ತಿತ್ತು. ಹಾಲಾಡಿಯಿಂದ ನಾಲ್ಕೈದು ದಿನಕ್ಕೆ ಒಂದು. ಅಂದರೆ ಹದಿನೈದು ದಿನಕ್ಕೆ ಬ್ರಹ್ಮಾವರದ ಬೀಜ ನನ್ನ ಕೈಗೆ ಇಪ್ಪತ್ತೈದು ಮೂವತ್ತು ಮುಷ್ಟಿ ಬಂದರೆ, ಹಾಲಾಡಿಯದ್ದು ಮೂರೇ ಮುಷ್ಟಿ, ಸುಮಾರು ನೂರು ಬೀಜ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರಲ್ಲಿ ಏನೂ ಕಾಣಲಿಲ್ಲ. ಎಲ್ಲರಿಗೂ ಒಂದೇ ನಿಯಮ ಎಂಬ ಹೆಮ್ಮೆಯಲ್ಲೇ ಇದ್ದೆ.

ಒಂದು ಸಲ ಹಾಲಾಡಿ ಶೆಡ್ಡು ಬೋರ್ಡಿನಲ್ಲಿ ಮೊದಲನೆಯದಾಗಿ ಬಂತು. ನೂರರಲ್ಲಿ ಒಂದೇ ಒಂದು ಕೆಟ್ಟ ಬೀಜ. ಕಾರ್ಖಾನೆಯ ಧಣಿಗಳು ಖುಷಿಯಾಗಿ ಜಿಲೇಬಿ ತರಿಸಿ, ನೀವೇ ಕೊಟ್ಟು ಬನ್ನಿ ಎಂದು ನನ್ನನ್ನು ಕಳಿಸಿದರು. ಹಾಲಾಡಿ ಪೇಟೆಯ ಸರ್ಕಲ್ಲಿನಿಂದ ಸ್ವಲ್ಪ ಆಚೆ, ನಿಂತುಹೋದ ಅಕ್ಕಿಗಿರಣಿಯ ಕಟ್ಟಡದಲ್ಲಿ ಅವರ ಶೆಡ್ಡು. ಬಾಗಿಲ ಬಳಿ, ಬೆಳಕು ಬೀಳುವ ಜಾಗದಲ್ಲಿ, ಅಲ್ಲಿಯ ಎಲ್ಲರಿಗಿಂತ ಹಿರಿಯರೊಬ್ಬರು ಕೂತಿದ್ದರು. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು.

ಶೆಡ್ಡಿನ ಮೇಲ್ವಿಚಾರಕಿ ಜಿಲೇಬಿ ಪೊಟ್ಟಣವನ್ನು ಮೊದಲು ಅವರ ಎದುರಿಗಿಟ್ಟರು. "ನಮ್ದ್ ಎಂತ ಇತ್ತ್ ಮೇಡಮ್ರೆ, ಎಲ್ಲ ದೊಡ್ಡಮ್ಮನ ಕೈಗುಣ. ಬೆಳಿಗ್ಗೆ ಮೊದ್ಲ್ ಬೀಜ ಅವ್ರೇ ಸುಲಿಕ್. ಅವ್ರ್ ಮುಟ್ಟದೆ ನಾವ್ಯಾರೂ ಚಾಕು ಹಿಡುದಿಲ್ಲ."

"ಕೈಗುಣವೂ ಇಲ್ಲ, ಎಂತದೂ ಇಲ್ಲ. ನಿಮ್ ಕೆಲ್ಸ ಚಂದ ಇತ್ತ್, ಅದನ್ನ ಲೆಕ್ಕ ಹೇಳ್ತಿತ್ತ್ ಅಷ್ಟೆ" ಎಂದು ನಾನು ನಕ್ಕೆ. ಓದಿದವಳಲ್ಲವೇ.

ದೊಡ್ಡಮ್ಮ ಜಿಲೇಬಿ ಮುರಿಯುತ್ತ ಹೇಳಿದರು, "ನಿನ್ ಲೆಕ್ಕ ನಂಗ್ ಗೊತ್ತಿಲ್ಲ ಮಗಾ. ಜಿಲೇಬಿ ಮಾತ್ರ ಲಾಯ್ಕ್ ಇತ್ತ್."

ಎರಡು ತಿಂಗಳು ಕಳೆದಿರಬೇಕು. ಅದೇ ಹಾಲಾಡಿಯ ಮೂರು ಮುಷ್ಟಿಯಲ್ಲಿ ಆರು ಕೆಟ್ಟ ಬೀಜ ಸಿಕ್ಕವು. ಬೋರ್ಡಿನಲ್ಲಿ ಅವರು ಎಲ್ಲರಿಗಿಂತ ಕೆಳಗೆ. ನನಗೆ ಸಿಟ್ಟೇ ಬಂತು. ಹೊಗಳಿದ್ದು ಹೆಚ್ಚಾಯಿತು, ಜಿಲೇಬಿ ತಿಂದು ಸೋಮಾರಿಗಳಾದರು ಎಂದುಕೊಂಡೆ. ಕೂಡಲೇ ಮೇಲ್ವಿಚಾರಕಿಗೆ ಫೋನ್ ಮಾಡಿದೆ. "ಈ ಸಲ ನೂರಕ್ಕೆ ಆರ್ ಬಂದಿತ್ತ್. ಯಾರದ್ದೋ ಕೈ ತಪ್ತಿತ್ತ್. ಯಾರದ್ದ್ ಅಂದ್ಹೇಳಿ ಕಾಣಿ. ಇನ್ನೊಂದ್ ಸಲ ಹೀಂಗೇ ಬಂದ್ರೆ ಬೀಜ ಕಳ್ಸುದ್ ನಿಲ್ಸ್ತ್ರ್."

ಫೋನಿಟ್ಟು ಚಹಾ ಕುಡಿಯಲು ಹೋದೆ. ಯಾರ ಕೈ ಎಂದು ನೋಡಿ ಎಂದು ಹೇಳಿದರೆ, ಹೇಳಿಸಿಕೊಂಡವರು ಒಂದು ಕೈಯನ್ನು ಹುಡುಕಿಯೇ ಹುಡುಕುತ್ತಾರೆ ಎಂದು ನನಗೆ ಆಗ ಹೊಳೆಯಲಿಲ್ಲ.

ಮುಂದಿನ ಹದಿನೈದು ದಿನದ ಲೆಕ್ಕದಲ್ಲಿ ಹಾಲಾಡಿ ಎರಡಕ್ಕೆ ಇಳಿಯಿತು. ನಾನೇ ಫೋನ್ ಮಾಡಿ ಶಹಬ್ಬಾಸ್ ಹೇಳಿದೆ. ಮೇಲ್ವಿಚಾರಕಿ ಹೇಳಿದರು, "ಸರಿ ಮಾಡಿದ್ವ್ ಮೇಡಮ್ರೆ. ದೊಡ್ಡಮ್ಮಂಗೆ ಇನ್ ಮನೆಯಂಗ್ ಕೂಕಣಿ ಅಂದ್ವ್. ಹ್ವಾದ್ ವರ್ಷ ಕಣ್ಣಿನ್ ಆಪರೇಷನ್ ಆಯ್ತಲ್ದಾ, ಅವ್ರಿಗ್ ಸಿಪ್ಪಿ ಸಮಾ ಕಾಂತಿಲ್ಲ. ನಮ್ಗೂ ಬೇಜಾರೇ. ಆರೆ ಒಬ್ರಿಂದ ಹನ್ನೊಂದ್ ಜನರ ಕೆಲ್ಸ ಹ್ವಾಪುದ್ ಬೇಡ ಅಲ್ದಾ?"

"ಒಳ್ಳೇದ್ ಮಾಡಿದ್ರಿ" ಎಂದೆ ನಾನು. ಹೌದು, ಅದೇ ಮಾತು. ಬೇರೆ ಯಾರೋ ಹೇಳಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ. ಆದರೆ ಹೇಳಿದ್ದು ನಾನೇ.

ನನ್ನ ಕಣ್ಣು ತೆರೆಸಿದ್ದು ಶಿರೂರಿನ ಒಂದು ಮದುವೆ. ಶಿರೂರಿನ ಚಿಕ್ಕ ಶೆಡ್ಡು ಬೋರ್ಡಿನಲ್ಲಿ ಕೆಳಗೇ ಬಿದ್ದಿದ್ದದ್ದು ಒಮ್ಮೆಗೇ ಮೊದಲನೆಯದಾಯಿತು. ಏನು ಬದಲಾಯಿಸಿದರು ಎಂದು ತಿಳಿದು ಉಳಿದ ಶೆಡ್ಡುಗಳಿಗೂ ಹೇಳೋಣ ಎಂದು ಅಲ್ಲಿಯ ಮೇಲ್ವಿಚಾರಕಿಗೆ ಫೋನ್ ಮಾಡಿದೆ.

ಆಕೆ ಬಾಯ್ತುಂಬ ನಕ್ಕಳು. "ಹ್ವಾಯ್ ಮೇಡಮ್, ಎಂತದೂ ಮಾಡ್ಲಿಲ್ಲ! ಅರ್ಧ ಜನ ಮದಿ ಮನಿಗ್ ಹೋಯಿದ್ರ್. ಉಳ್ದವ್ರಿಗೂ ಮದಿ ಮಾತೇ ಸೈ. ಬೀಜದ ಬದಿ ಕಂಡವ್ರ್ ಯಾರ್?"

ನಗು ಬಂತು, ಆಮೇಲೆ ಕಸಿವಿಸಿಯಾಯಿತು. ಎಲ್ಲರೂ ಮೈಮರೆತಾಗ ಕೆಲಸ ಚೆನ್ನಾಗುವುದು ಹೇಗೆ? ಬೋರ್ಡಿನ ಎದುರು ಹೋಗಿ ನಿಂತೆ. ಮೇಲಿನ ಸಾಲಿನಲ್ಲಿ ಶಿರೂರು, ಕೆಳಗಿನ ಸಾಲಿನಲ್ಲಿ ಇನ್ನೊಂದು ಚಿಕ್ಕ ಶೆಡ್ಡು. ಹಿಂದಿನ ಸಲವೂ ಹೀಗೇ, ಅದರ ಹಿಂದಿನ ಸಲವೂ ಹೀಗೇ. ಬ್ರಹ್ಮಾವರ, ಬೈಂದೂರು ಯಾವತ್ತೂ ನಡುವೆ, ಮೂರರ ಆಸುಪಾಸು. ದೊಡ್ಡ ಶೆಡ್ಡು ಒಮ್ಮೆಯೂ ಮೊದಲು ಬಂದದ್ದಿಲ್ಲ, ಒಮ್ಮೆಯೂ ಕೊನೆಗೆ ಬಿದ್ದದ್ದಿಲ್ಲ. ಚಿಕ್ಕವರು ಒಂದು ದಿನ ಅಟ್ಟಕ್ಕೆ, ಒಂದು ದಿನ ಅಡಿಗೆ.

ಆ ಮಧ್ಯಾಹ್ನ ಕರೆಂಟ್ ಇರಲಿಲ್ಲ. ಬ್ರಹ್ಮಾವರದಿಂದ ಬಂದ ಎರಡು ಕ್ರೇಟು ಬೀಜವನ್ನು ವಿಂಗಡಿಸುವ ಮೇಜಿನ ಮೇಲೆ ಸುರಿದು ಎರಡೂ ಕೈಯಿಂದ ಚೆನ್ನಾಗಿ ಕಲಸಿದೆ. ಮೂರು ಮುಷ್ಟಿ ತೆಗೆದು ಎಣಿಸಿದೆ. ಕೆಟ್ಟದ್ದು ನಾಲ್ಕು. ವಾಪಸು ಹಾಕಿ, ಮತ್ತೆ ಕಲಸಿ, ಮತ್ತೆ ಮೂರು ಮುಷ್ಟಿ. ಈ ಸಲ ಒಂದು. ಆಮೇಲೆ ಮೂರು. ಆಮೇಲೆ ಸೊನ್ನೆ. ವಿಂಗಡಿಸುವ ಹೆಂಗಸರು, ಮೇಡಮ್ಮಿಗೆ ಬಿಸಿಲು ತಲೆಗೇರಿತು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬಿಡಲಿಲ್ಲ. ಎರಡು, ಮೂರು, ಮತ್ತೆ ಎರಡು. ಆಮೇಲೆ ಆರು.

ಆ ಆರು ಬೀಜಗಳನ್ನು ಅಂಗೈಯಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟೆ. ಅದೇ ಮೇಜು, ಅದೇ ಬೀಜ, ಸುಲಿದವರೂ ಅದೇ ಹೆಂಗಸರು. ಒಂದೇ ಮಧ್ಯಾಹ್ನದಲ್ಲಿ ಅವರನ್ನು ನನ್ನ ಮುಷ್ಟಿ ಬೋರ್ಡಿನ ತಲೆಗೂ ಏರಿಸಿತ್ತು, ಕಾಲಡಿಗೂ ಹಾಕಿತ್ತು. ತೆಗೆದ ಮುಷ್ಟಿಗಳನ್ನೆಲ್ಲ ಕೂಡಿಸಿ ನೋಡಿದರೆ ಮೂರರ ಹತ್ತಿರಕ್ಕೇ ಬಂದು ನಿಂತಿತು. ನೂರು ಬೀಜದಲ್ಲಿ ಮೂರು ಕೆಟ್ಟದ್ದು ಇರಬೇಕಾದಲ್ಲಿ ಅದೃಷ್ಟದಿಂದ ಸೊನ್ನೆಯೂ ಸಿಗಬಹುದು, ಆರೂ ಸಿಗಬಹುದು. ಸಾವಿರ ಬೀಜ ನೋಡಿದರೆ ಆ ಆಟ ಅಷ್ಟು ನಡೆಯುವುದಿಲ್ಲ, ಹೆಚ್ಚು ಕಡಿಮೆಗಳು ಒಂದನ್ನೊಂದು ಸರಿದೂಗಿಸಿಕೊಳ್ಳುತ್ತವೆ. ಕಾಲೇಜಿನಲ್ಲಿ ಇದನ್ನು ಓದಿ, ಬರೆದು, ಪಾಸಾಗಿದ್ದೆ. ಗಾಡಿಗೊಂದು ಮುಷ್ಟಿ ಎಂದು ನಿಯಮ ಮಾಡುವಾಗ ಅದೆಲ್ಲ ಎಲ್ಲಿ ಹೋಗಿತ್ತೋ.

ಹಾಲಾಡಿಯವರು ಜಿಲೇಬಿ ತಿಂದ ಸಲವೂ ಅಷ್ಟೇ ಚೆನ್ನಾಗಿ ಸುಲಿದಿದ್ದರು, ಬೈಸಿಕೊಂಡ ಸಲವೂ ಅಷ್ಟೇ ಚೆನ್ನಾಗಿ ಸುಲಿದಿದ್ದರು. ಆರು ಬಂದ ಮೇಲೆ ಎರಡು ಬಂದದ್ದು ದೊಡ್ಡಮ್ಮ ಹೋದದ್ದರಿಂದಲ್ಲ. ಅವರು ಬಾಗಿಲ ಬಳಿಯೇ ಕೂತಿದ್ದರೂ ಮುಂದಿನ ಸಲ ಕಡಿಮೆಯೇ ಬರುವ ಸಂಭವ ಹೆಚ್ಚಿತ್ತು. ಕೈಗುಣ ಎನ್ನುವುದಿದ್ದರೆ ಅದು ಅವರದ್ದಲ್ಲ, ಮುಷ್ಟಿ ತೆಗೆದ ನನ್ನದು. ಅವರ ಕೈಗುಣದ ಮಾತಿಗೆ ನಕ್ಕವಳು ನಾನು, ನನ್ನ ಕೈಗುಣವನ್ನು ಶೇಕಡಾ ಎಂದು ಬೋರ್ಡಿನಲ್ಲಿ ಬರೆದವಳೂ ನಾನು.

ಮರುದಿನ ಬೋರ್ಡು ಒರೆಸಿ, ಧಣಿಗಳ ಹತ್ತಿರ ಹೋದೆ. ಇನ್ನು ಮುಂದೆ ಶೆಡ್ಡು ದೊಡ್ಡದಿರಲಿ ಚಿಕ್ಕದಿರಲಿ, ಸಾವಿರ ಬೀಜ ನೋಡಿಯಾದ ಮೇಲೆಯೇ ಮಾತು ಎಂದೆ. ಚಿಕ್ಕ ಶೆಡ್ಡಿನ ಪ್ರತಿ ಗಾಡಿಯಿಂದಲೂ ಹೆಚ್ಚು ಬೀಜ ತೆಗೆಯಬೇಕು, ಅದಕ್ಕೆ ಎಣಿಸಲು ಒಬ್ಬರು ಬೇಕು ಎಂದೂ ಕೇಳಿದೆ.

ಧಣಿಗಳಿಗೆ ಬೋರ್ಡು ಕಂಡರೆ ಇಷ್ಟ. "ಅನ್ನ ಬೆಂದಿತ್ತಾ ಅಂತ ಕಾಂಬುಕೆ ಒಂದ್ ಅಗ್ಳ್ ಹಿಚ್ಕಿರೆ ಸಾಕಲ್ದಾ? ನೀವ್ ಪಾತ್ರೆ ಪೂರ್ತಿ ಹಿಚ್ಕುಕ್ ಹೊರ್ಟ್ರಿಯಾ?"

"ಅನ್ನಕ್ಕೆ ಒಂದೇ ನೀರ್, ಒಂದೇ ಬೆಂಕಿ. ಒಂದ್ ಅಗ್ಳ್ ಬೆಂದ್ರೆ ಬದಿದೂ ಬೆಂದಿರತ್ತ್. ಬೀಜ ಹಾಂಗಲ್ಲ. ಒಂದ್ ಬೀಜಕ್ಕ್ ಸಿಪ್ಪಿ ಅಂಟ್ರೆ ಬದಿದಕ್ಕೂ ಅಂಟಿತ್ತ್ ಅಂತ ಇಲ್ಲ" ಎಂದೆ.

ಅವರು ಒಪ್ಪಲಿಲ್ಲ, ತಳ್ಳಿಯೂ ಹಾಕಲಿಲ್ಲ. ಎಣಿಸುವವರನ್ನು ಕೊಡುವುದಿಲ್ಲ, ಬೇಕಾದರೆ ನೀವೇ ಎಣಿಸಿಕೊಳ್ಳಿ ಎಂದರು. ಎಣಿಸಿದೆ. ಕಣ್ಣು ಉರಿಯುವವರೆಗೆ ಎಣಿಸಿದೆ. ವಿಂಗಡಿಸುವವರು ತಮ್ಮ ಮೇಜು ಖಾಲಿ ಸಿಗದೆ ಗೊಣಗಿದರು. ಹಾಲಾಡಿಯ ಹಳೆಯ ಮುಷ್ಟಿಗಳ ಲೆಕ್ಕವನ್ನೆಲ್ಲ, ದೊಡ್ಡಮ್ಮ ಇದ್ದಾಗಿನದ್ದು, ಕೂಡಿಸಿದೆ. ಅದೂ ಮೂರರ ಹತ್ತಿರವೇ. ಬ್ರಹ್ಮಾವರಕ್ಕೂ ಹಾಲಾಡಿಗೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಈ ಲೆಕ್ಕ ಹಿಡಿದು ಹಾಲಾಡಿಗೆ ಹೋದೆ. ದೊಡ್ಡಮ್ಮನ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು. ಒಂದು ಕ್ರೇಟು ಬೀಜ ಕಲಸಿ, ಅವರ ಎದುರೇ ಮುಷ್ಟಿ ತೆಗೆದು ತೋರಿಸಿದೆ. ಒಮ್ಮೆ ಐದು, ಒಮ್ಮೆ ಎರಡು. ಎಲ್ಲರೂ ಬಾಗಿ ನೋಡಿದರು, ತಲೆಯಾಡಿಸಿದರು. ಕೊನೆಗೆ ಮೇಲ್ವಿಚಾರಕಿ ಹೇಳಿದರು, "ನೀವ್ ಹೇಳುದ್ ಸಮಾ ಇರ್ಲಕ್ ಮೇಡಮ್ರೆ. ಆರೆ ಅವ್ರ್ ಹ್ವಾದ್ ಮೇಲೆ ಕಮ್ಮಿ ಆಯ್ತಲ್ದಾ? ನೀವೇ ಬೋರ್ಡಂಗ್ ಬರ್ದಿದ್ರಿ."

ನಾನು ಬರೆದ ಆರು ದೊಡ್ಡಮ್ಮನನ್ನು ಹೊರಗೆ ಹಾಕಿತ್ತು. ನಾನು ಬರೆದ ಎರಡು, ಹಾಕಿದ್ದು ಸರಿ ಎಂದು ಸಾಕ್ಷಿ ಹೇಳಿತ್ತು.

ದೊಡ್ಡಮ್ಮನ ಮನೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಪಕ್ಕದಲ್ಲಿ ಸೊಸೆ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. "ಈಗ ಅಕ್ಕಿ ಹೆರ್ಕುದೂ ಇವ್ಳೇ" ಎಂದರು ದೊಡ್ಡಮ್ಮ. "ನಂಗ್ ಕಲ್ ಕಾಣ್ದೆ ಹೋಯಿ, ಮಕ್ಳ್ ಹಲ್ಲಿಗ್ ಸಿಕ್ರೆ ಎಂತ ಮಾಡುದ್? ಪ್ಯಾಟಿಗ್ ಒಬ್ಳೇ ಹ್ವಾಪುದೂ ಬಿಟ್ಟೆ. ಗಾಡಿ ಕಾಣ್ದೆ ಹ್ವಾರೆ ಅಂತ."

"ಅತ್ತೆಗೆ ಎಲ್ಲ ಕಾಂತಿತ್ತ್" ಎಂದಳು ಸೊಸೆ ನನ್ನ ಕಡೆ ತಿರುಗಿ. "ನಿನ್ನೆ ಮಾಡಿನ್ ಸಂದಿಯಂಗ್ ಇಪ್ಪು ಹಲ್ಲಿ ತೋರ್ಸಿದ್ದ್ ಅವ್ರೇ. ಹೇಳ್ರೆ ಕೇಂತಿಲ್ಲ."

ಕೆಲಸ ಹೋಗುವುದು ಒಂದು. ತನ್ನ ಕಣ್ಣಿನ ಮೇಲೆ ತನಗೇ ನಂಬಿಕೆ ಹೋಗುವುದು ಇನ್ನೊಂದು. ಈ ಎರಡನೆಯದು ನನ್ನ ಫೋನಿನಿಂದ ಇಲ್ಲಿಯವರೆಗೆ ನಡೆದು ಬಂದಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ತಪ್ಪು ನನ್ನದು, ನಿಮ್ಮ ಕಣ್ಣಿನದ್ದಲ್ಲ ಎಂದೆ. ಅವರು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡು ನಕ್ಕರು. ಆಗ ಅಲ್ಲೇ ತೀರ್ಮಾನ ಮಾಡಿದೆ. ಇವರು ಸುಲಿದದ್ದನ್ನು ಮುಷ್ಟಿ ತೆಗೆದು ನೋಡುವುದಲ್ಲ, ಒಂದೂ ಬಿಡದೆ ನೋಡುವುದು. ಮರುದಿನ ಸ್ಕೂಟರಿನಲ್ಲಿ ಒಂದು ಬುಟ್ಟಿ ಬೀಜ ಕಟ್ಟಿಕೊಂಡು ಬಂದೆ. ಬೇಡ ಎಂದರು. ಬಿಟ್ಟು ಹೋದೆ. ಸೊಸೆ ಏನು ಪೂಸಿ ಹೊಡೆದಳೋ, ಒಂದು ವಾರದ ನಂತರ ಹೋದಾಗ ಬುಟ್ಟಿ ಸುಲಿದು ಮುಗಿದಿತ್ತು.

ಕಾರ್ಖಾನೆಗೆ ತಂದು ಮೇಜಿನ ಮೇಲೆ ಸುರಿದು ನೋಡಲು ಕೂತೆ. ಮೊದಲ ಮುಷ್ಟಿಯಲ್ಲೇ ಮೂರು ಕೆಟ್ಟ ಬೀಜ ಸಿಕ್ಕವು. ಒಂದು ಕ್ಷಣ ನನಗೆ ಏನನ್ನಿಸಿತು ಎಂದು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಹಾಗಾದರೆ ಇವರದ್ದೇ ಇತ್ತು ತಪ್ಪು, ನನ್ನದಲ್ಲ ಎಂದು ಎದೆ ಹಗುರವಾಯಿತು. ಅಷ್ಟೆಲ್ಲ ಕಲಸಿ, ಎಣಿಸಿ, ಧಣಿಗಳಿಗೆ ಪಾಠ ಹೇಳಿ ಬಂದವಳು ಮತ್ತೆ ಒಂದೇ ಮುಷ್ಟಿಗೆ ಬಿದ್ದಿದ್ದೆ, ಅದೂ ಖುಷಿಯಿಂದ. ಎದ್ದು ಹೋಗಿ ಮುಖ ತೊಳೆದು ಬಂದು ಉಳಿದದ್ದನ್ನು ನೋಡಿದೆ. ಮುಂದಿನ ಎಷ್ಟೋ ಮುಷ್ಟಿಗಳಲ್ಲಿ ಒಂದೂ ಇರಲಿಲ್ಲ. ಬುಟ್ಟಿ ಮುಗಿಯುವಾಗ ಲೆಕ್ಕ ನೂರಕ್ಕೆ ಮೂರಕ್ಕಿಂತ ಒಂಚೂರು ಕಡಿಮೆಗೆ ಬಂದು ನಿಂತಿತ್ತು. ಎಲ್ಲರ ಹಾಗೆಯೇ.

ಓಡಿದ ಹಾಗೆ ಹಾಲಾಡಿಗೆ ಹೋದೆ. ನಿಂತುಕೊಂಡೇ ಹೇಳಿದೆ. ದೊಡ್ಡಮ್ಮ ಸೊಸೆಯ ಮುಖ ನೋಡಿದರು, ನನ್ನ ಮುಖ ನೋಡಿದರು. "ಹಾಂಗಾರೆ ನನ್ ಕಣ್ ಸಮಾ ಇತ್ತಾ?"

"ಸಮಾ ಇತ್ತ್ ದೊಡ್ಡಮ್ಮ. ನಾಳೆಯಿಂದ ಶೆಡ್ಡಿಗ್ ಬನ್ನಿ. ನಾನೇ ಅವ್ರಿಗೆಲ್ಲ ಹೇಳ್ತೆ."

ಅವರು ಸೊಸೆಯ ಕೈಯಲ್ಲಿದ್ದ ಮೊರದತ್ತ ನೋಡಿದರು. "ನಾ ವಾಪಸ್ ಶೆಡ್ಡಿಗ್ ಹ್ವಾದ್ ಮೇಲೆ ಮತ್ತೊಂದ್ ಸಲ ಆರ್ ಬಪ್ಪುದಿಲ್ಲ ಅಂದ್ಹೇಳಿ ಬರ್ದ್ ಕೊಡ್ತ್ಯಾ ಮಗಾ?"

ಕೊಡುತ್ತೇನೆ ಎಂದುಬಿಡಬಹುದಿತ್ತು. ಆದರೆ ನಾನು ಕಲಿತ ಪಾಠವೇ ಅದಾಗಿತ್ತು. ಚಿಕ್ಕ ಲೆಕ್ಕದಲ್ಲಿ ಒಂದಲ್ಲ ಒಂದು ಸಲ ಆರು ಬಂದೇ ಬರುತ್ತದೆ, ಯಾರ ತಪ್ಪೂ ಇಲ್ಲದೆ. ಇವರಿಗೆ ಇನ್ನೊಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ. "ಬಂದ್ರೂ ಬಪ್ಪುಕ್ ಸಾಕ್ ದೊಡ್ಡಮ್ಮ" ಎಂದೆ.

"ಹಾಂಗಾರೆ ಬೇಡ" ಎಂದರು, ಬೇಸರವಿಲ್ಲದೆ. "ಆರ್ ಬಂದ್ ದಿನ ಅವ್ರೆಲ್ಲ ಮೊದ್ಲ್ ಕಾಂಬುದ್ ನನ್ ಮುಖವೇ. ಅದೊಂದ್ ಸಲ ಕಂಡದ್ದ್ ಸಾಕ್. ಅಕ್ಕಿ ಹೆರ್ಕ್ತೆ ಇನ್ ಮೇಲೆ. ಅಷ್ಟಾದ್ರೂ ಆಯ್ತಲೆ." ಸೊಸೆಯ ಕೈಯಿಂದ ಮೊರ ಎಳೆದುಕೊಂಡರು. ನಾನು ಚಹಾಕ್ಕೂ ಕಾಯದೆ ಹೊರಟು ಬಂದೆ.

ಇದಾಗಿ ತುಂಬ ದಿನವೇನೂ ಆಗಿಲ್ಲ. ಹೊಸ ಲೆಕ್ಕ ನಡೆಯುತ್ತಿದೆ, ಬೋರ್ಡಿನಲ್ಲಿ ಈಗ ಗಾಡಿಯ ಸಮಯ ಮಾತ್ರ ಬರೆಯುತ್ತಾರೆ. ಮೊನ್ನೆ ಹಾಲಾಡಿಯ ಮೇಲ್ವಿಚಾರಕಿ ಬೆಳಿಗ್ಗೆಯೇ ಫೋನ್ ಮಾಡಿದರು. ನಾನು ಬೋರ್ಡು ಒರೆಸಿದರೂ ಅವರ ಹೆದರಿಕೆ ಒರೆಸಿ ಹೋಗಿರಲಿಲ್ಲ. ಗಾಡಿ ಹೊರಡುವ ಮೊದಲು ತಾವೇ ಮೂರು ಮುಷ್ಟಿ ತೆಗೆದು ನೋಡುವ ಅಭ್ಯಾಸ ಮಾಡಿಕೊಂಡಿದ್ದರಂತೆ.

"ಇವತ್ತ್ ಏಳ್ ಬಂತ್ ಮೇಡಮ್ರೆ" ಎಂದರು. ದನಿ ತಗ್ಗಿಸಿ, "ಈ ಸಲ ಯಾರನ್ನ ಕಾಣುದ್?" ಎಂದು ಕೇಳಿದರು.

"ಯಾರನ್ನೂ ಅಲ್ಲ. ಯಾರದ್ದೂ ತಪ್ಪಲ್ಲ. ಮೂರ್ ಮುಷ್ಟಿಯಂಗ್ ಒಂದೊಂದ್ ಸಲ ಏಳೂ ಬತ್ತ್. ಆ ಏಳನ್ನ ಆಚೆ ಇಟ್ಟ್ ಗಾಡಿ ಕಳ್ಸಿ."

ಅವರು ಅದನ್ನೇ ಅಲ್ಲಿದ್ದ ಹೆಂಗಸರಿಗೆ ತಿರುಗಿ ಹೇಳಿದ್ದು ಕೇಳಿಸಿತು. ಆಮೇಲೆ ಮತ್ತೆ ಫೋನಿಗೆ ಬಂದರು.

"ಹಾಂಗಾರೆ ದೊಡ್ಡಮ್ಮನ್ನ ಎಂತಕ್ ಕಳ್ಸಿದ್ದ್ ನಾವ್?"

ನಾವು ಎಂದರು. ಕಳಿಸಿದ್ದು ನೀವು ಎಂದಿದ್ದರೆ ನಾನು ಸುಧಾರಿಸಿಕೊಳ್ಳುತ್ತಿದ್ದೆನೇನೋ.